ಹಿಂದ್ಲಿಂದ ಬನ್ನಿ

ಬಚ್ಚಲ ನೀರು ಹರಿಯುತ್ತಿದ್ದ ಹಿತ್ತಿಲಿಗೆ ಕಡಪ ಕಲ್ಲು ಹಾಸಿಸಿ, ಸೀಬೆ ಮರಕ್ಕೆ ಬಣ್ಣದ ಬಲ್ಬು ಸುತ್ತಿಸಿ, ಬಟ್ಟೆ ಒಗೆಯುವ ಕಲ್ಲಿಗೂ ಮೆತ್ತೆ ಹೊಲಿಸಿದಂದಿನಿಂದ ಚಾಮರಾಜಪೇಟೆಯ ವೆಂಕಟಪ್ಪನವರಿಗೆ ಭಾನುವಾರ ಸಂಜೆ ಅಲ್ಲಿ ನಾಲ್ಕು ಜನರನ್ನು ಕೂರಿಸದೆ ಕಾಫಿ ಗಂಟಲಿಳಿಯುವುದಿಲ್ಲ. ಆದರೆ ಕರೆಸಿಕೊಂಡವರು ಯಾರೇ ಆಗಲಿ, ಮನೆಗಳ ಬೆನ್ನಿಗಿರುವ ಕಸದ ಓಣಿಯನ್ನು ಸುತ್ತಿಕೊಂಡೇ ಬರಬೇಕು. ‘ಮುಂಬಾಗಿಲು ಹಿಡ್ಕೊಂಡ್ಬಿಟ್ಟಿದೆ ಸ್ವಾಮಿ, ಹಿಂದ್ಲಿಂದ ಬನ್ನಿ’ ಎಂಬ ಮಾತು ಹತ್ತು ವರ್ಷದ್ದು. ಬಡಗಿಯನ್ನು ಕಳಿಸುತ್ತೇನೆಂದವರಿಗೆ ‘ಮರದ ಬುದ್ಧಿ, ರಿಪೇರಿ ಆಗಲ್ಲ’ ಎನ್ನುತ್ತಾರೆ. ಒಂದು ಭಾನುವಾರ ಸಾಲಿನ ಕೊನೆಯ ಮನೆಯ ರಾಘವರಾಯರು ವೆಂಕಟಪ್ಪನವರ ಮುಂಜಗಲಿಯಲ್ಲೇ ಕಾಲೂರಿ ನಿಂತು, ‘ಆ ಗಬ್ಬು ಓಣೀಲಿ ನಾನು ಬರಲ್ಲ ಕಣ್ರೀ’ ಎಂದರು. ‘ಹಾಗಾದ್ರೆ ಬೋಂಡ ನಾವೇ ತಿಂತೀವಿ’ ಎಂದು ಕಿಟಕಿಯಿಂದ ಉತ್ತರ ಬಂತು. ಕೊನೆಗೆ ರಾಯರು ಮೂಗು ಮುಚ್ಚಿ, ಪಂಚೆ ಎತ್ತಿಕೊಂಡು ಸುತ್ತಿ ಬಂದರು. ಅದೇ ರಾಯರ ಮನೆಯ ಕಕ್ಕಸು ಬಳಿಯಲು ವೆಂಕಟಪ್ಪನವರ ಅವ್ವ ದಿನಾ ಬರುತ್ತಿದ್ದದ್ದು ಅದೇ ಓಣಿಯಲ್ಲಿ. ‘ಮುಂದ್ಗಡೆ ಬರ್ಬೇಡ’ ಎನ್ನಿಸಿಕೊಂಡೇ ಸತ್ತಳು. ಈಗ ಬೀದಿ ಗುಡಿಸುವ ಮುನಿಲಕ್ಷ್ಮಿ ಪೊರಕೆಯನ್ನು ಗೋಡೆಗೊರಗಿಸಿ, ಮುಂದುಗಡೆ ನಿಂತು ‘ಅಣ್ಣಾ, ಕಾಫಿ’ ಎಂದರೆ ಸಾಕು, ಆ ಹಟಮಾರಿ ಬಾಗಿಲು ಕಿರ್ರೆನ್ನದೆ ತೆರೆದುಕೊಳ್ಳುತ್ತದೆ.