ಉಜ್ಜಿಹೋದ ಮುಖಗಳು

ನಮ್ಮ ಮನೆಯವರಿಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ. ಬೆಳಿಗ್ಗೆ ಆರೂವರೆಗೆ ಅವರು ಊಟದ ಡಬ್ಬಿ ಹಿಡಿದು ಹೊರಟರೆ, ಏಳೂ ಮುಕ್ಕಾಲಿಗೆ ಮಗಳು ಶಾಲೆಯ ವ್ಯಾನು ಹತ್ತುತ್ತಿದ್ದಳು. ಆಮೇಲೆ ಮಧ್ಯಾಹ್ನ ಮೂರರವರೆಗೆ ಜಾಲಹಳ್ಳಿಯ ಆ ಬಾಡಿಗೆ ಮನೆಯಲ್ಲಿ ನಾನೂ ನನ್ನ ಪುಸ್ತಕಗಳೂ. ಪುಸ್ತಕ ಅಂದರೆ ದೊಡ್ಡ ಸಾಹಿತ್ಯ ಅಂದುಕೊಳ್ಳಬೇಡಿ. ಕೊಲೆ, ಕಳವು, ಪತ್ತೇದಾರಿ, ಕಾಮಿಕ್ಸು, ಜಪಾನಿನಿಂದ ಇಂಗ್ಲಿಷಿಗೆ ಬಂದ ಮಾಂಗಾ ಎಂಬ ಚಿತ್ರಕತೆ, ಮಗಳ ಹೆಸರು ಹೇಳಿಕೊಂಡು ತರುತ್ತಿದ್ದ ಚಿತ್ರಪುಸ್ತಕ. ನಾದಿನಿ ಒಮ್ಮೆ ಬಂದವರು ದಿಂಬಿನ ಪಕ್ಕದಲ್ಲಿದ್ದ ಕಾಮಿಕ್ಸನ್ನು ಎತ್ತಿ ನೋಡಿ, ಮಗು ಎಷ್ಟು ಜೋಪಾನವಾಗಿ ಇಟ್ಟುಕೊಂಡಿದೆ ಎಂದು ಮೆಚ್ಚಿದರು. ಅದು ನನ್ನದು ಎಂದು ಹೇಳಲು ಬಾಯಿ ಬರಲಿಲ್ಲ.

ಈ ಚಟ ಹತ್ತಿದ್ದು ಕಾನ್ವೆಂಟಿನಲ್ಲಿ. ಸಿಸ್ಟರ್‌ಗಳ ಕಣ್ಣು ತಪ್ಪಿಸಿ ಅಟ್ಲಾಸಿನೊಳಗೆ ಕಾಮಿಕ್ಸ್ ಇಟ್ಟು ಓದುತ್ತಿದ್ದೆವು. ಯಾವ ಕ್ಷಣದಲ್ಲಾದರೂ ಪುಸ್ತಕ ಕೈಬಿಟ್ಟು ಹೋಗಬಹುದು ಎಂಬ ಹೆದರಿಕೆಯಲ್ಲಿ ಚಿತ್ರದ ಒಂದೊಂದು ಚೌಕವನ್ನೂ ಬೇಗ ಬೇಗನೆ, ಆದರೆ ಏನನ್ನೂ ಬಿಡದ ಹಾಗೆ ನೋಡುವುದನ್ನು ಕಲಿತೆ. ಹಿಂದಿನ ಗೋಡೆಯ ಗಡಿಯಾರದಲ್ಲಿ ಎಷ್ಟು ಗಂಟೆ, ಯಾರ ಕೋಟಿನ ಗುಂಡಿ ಕಿತ್ತುಹೋಗಿದೆ, ಹೋದ ಪುಟದಲ್ಲಿ ಮೇಜಿನ ಮೇಲಿದ್ದ ಲೋಟ ಈ ಪುಟದಲ್ಲಿ ಯಾಕಿಲ್ಲ. ಕತೆಯ ಪತ್ತೇದಾರ ಬಾಯಿ ಬಿಡುವ ಮೊದಲೇ ನನಗೆ ಗೊತ್ತಾಗಿರುತ್ತಿತ್ತು. ನನ್ನ ಅಡಿಗೆ ಸುಮಾರು, ಹಾಡು ಬರದು, ಹೊಲಿಗೆಯೂ ಅಷ್ಟಕ್ಕಷ್ಟೇ. ನೋಡುವುದು ಮಾತ್ರ ಚೆನ್ನಾಗಿ ಬರುತ್ತಿತ್ತು.

ಬಸ್‌ಸ್ಟಾಪಿನ ಹಿಂದೆ, ಹಿಟ್ಟಿನ ಗಿರಣಿಗೆ ಅಂಟಿಕೊಂಡಿದ್ದ ಒಂದೇ ಮಳಿಗೆಯಲ್ಲಿ ನಮ್ಮ ಸರ್ಕ್ಯುಲೇಟಿಂಗ್ ಲೈಬ್ರರಿ. ಎಲ್ಲ ಪುಸ್ತಕಗಳ ಮೇಲೂ ಸಣ್ಣಗೆ ಹಿಟ್ಟಿನ ಧೂಳು. ಅದನ್ನು ನಡೆಸುತ್ತಿದ್ದವರನ್ನು ನಾವೆಲ್ಲ ಲೈಬ್ರರಿ ಅಂಕಲ್ ಅನ್ನುತ್ತಿದ್ದೆವು. ಪ್ರತಿ ಪುಸ್ತಕದ ಕೊನೆಗೆ ಒಂದು ಚೀಟಿ ಅಂಟಿಸಿ, ತೆಗೆದುಕೊಂಡು ಹೋದವರ ಮೆಂಬರ್ ನಂಬರು ಬರೆಯುತ್ತಿದ್ದರು. ಮಾಂಗಾ ಬಲದಿಂದ ಎಡಕ್ಕೆ ಓದುವಂಥದ್ದು ಎಂದು ಅವರಿಗೂ ಮೊದಲು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅವರು ಮೊದಲ ಪುಟವನ್ನೇ ಕೊನೆಯದೆಂದು ತಿಳಿದು ಅಲ್ಲಿ ಚೀಟಿ ಅಂಟಿಸಿದ್ದರು. ನಾನು ಮೊದಲ ಸಂಪುಟವನ್ನು ಹಿಂದಿನಿಂದ ಮುಂದಕ್ಕೆ ಓದಿ, ಹೆಣ ಎದ್ದು ಕೂತು ಟೀ ಕುಡಿಯುವುದನ್ನು ಕಂಡು, ಜಪಾನಿನವರು ಬಹಳ ಆಳವಾಗಿ ಬರೆಯುತ್ತಾರೆ ಅಂದುಕೊಂಡಿದ್ದೆ.

ಪತ್ತೇದಾರಿ ಓದುವವರಿಗೆ ಅಲ್ಲಿ ಒಂದು ರೂಢಿ ಇತ್ತು. ಓದಿದ್ದನ್ನೇ ಮರೆತು ಮತ್ತೆ ಒಯ್ಯಬಾರದೆಂದು ಒಬ್ಬೊಬ್ಬರೂ ಪುಸ್ತಕದಲ್ಲಿ ತಮ್ಮದೊಂದು ಗುರುತು ಹಾಕುತ್ತಿದ್ದರು. ನನ್ನದು ಐವತ್ತನೇ ಪುಟದ ಅಂಕಿಯ ಕೆಳಗೆ ಒಂದು ಚುಕ್ಕೆ. ಇನ್ನೊಬ್ಬರದು ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಹಾಕಿದ ಒಂದು ನೇರವಾದ ಟಿಕ್. ಅದು ನೂರಾ ಹನ್ನೆರಡನೇ ನಂಬರಿನವರದು ಎಂದು ಚೀಟಿ ನೋಡಿ ಕಂಡುಕೊಂಡಿದ್ದೆ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ರಿಟೈರಾದವರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಪೆನ್ಸಿಲು, ಪೆನ್ಸಿಲಿನ ಹಿಂದೆ ರಬ್ಬರು. ನಾವಿಬ್ಬರೂ ಮಾತಾಡಿದವರಲ್ಲ. ಆದರೆ ರುಚಿ ಒಂದೇ. ನಾನು ತೆಗೆಯುವ ಪುಸ್ತಕಗಳಲ್ಲಿ ಅರ್ಧಕ್ಕೂ ಹೆಚ್ಚಿನವನ್ನು ಅವರು ಮೊದಲೇ ಓದಿ ಮುಗಿಸಿರುತ್ತಿದ್ದರು.

ಮಗಳಿಗೆ ಆರು ವರ್ಷವಾಗಿದ್ದಾಗ, ಎರಡು ಸಾವಿರದ ಏಳೋ ಎಂಟೋ ಇರಬೇಕು, ಪುಸ್ತಕಗಳಲ್ಲಿ ಮುಖಗಳು ಅಳಿಸಿಹೋಗಿರುವುದು ನನ್ನ ಗಮನಕ್ಕೆ ಬರತೊಡಗಿತು. ಮೊದಲು ಅಚ್ಚಿನ ದೋಷ ಅಂದುಕೊಂಡೆ. ಕೊಡೆ ಹಿಡಿದವಳ ಕೊಡೆ ಇದೆ, ಕೂದಲಿದೆ, ಕುತ್ತಿಗೆಯಿದೆ, ನಡುವೆ ಮುಖದ ಜಾಗದಲ್ಲಿ ಬೂದು ಬಣ್ಣದ ಒಂದು ಮಸುಕು. ರಬ್ಬರಿನಿಂದ ಉಜ್ಜಿದರೆ ಕಾಗದ ಹೇಗಾಗುತ್ತದೋ ಹಾಗೆ. ನಾಲ್ಕು ಪುಸ್ತಕಗಳಲ್ಲಿ ಹೀಗಾದಾಗ ಚೀಟಿಗಳನ್ನು ನೋಡಿದೆ. ನಾಲ್ಕರಲ್ಲೂ ನನ್ನ ನಂಬರಿಗೆ ಮುಂಚೆ ನೂರಾ ಹನ್ನೆರಡು. ಎರಡು ಪುಸ್ತಕಗಳ ಹೊಲಿಗೆಯ ಸಂದಿಯಲ್ಲಿ ರಬ್ಬರಿನ ಪುಡಿ. ಅವರ ಜೇಬಿನ ಪೆನ್ಸಿಲಂತೂ ಕಣ್ಣೆದುರೇ ಇತ್ತು. ಇಪ್ಪತ್ತು ವರ್ಷ ಓದಿದ್ದೆಲ್ಲ ಸಾರ್ಥಕವಾಯಿತು ಎಂಬ ಹಾಗೆ ನನಗೆ ಒಳಗೊಳಗೇ ಖುಷಿಯಾಯಿತು. ಹೋಗಿ ಲೈಬ್ರರಿ ಅಂಕಲ್‌ಗೆ ಹೇಳಿದೆ. ನನ್ನ ಮಾತೆಂದರೆ ಅವರಿಗೆ ನಂಬಿಕೆ. ಹರಿದ ಪುಟ, ಕಳೆದ ಪುಟಗಳನ್ನು ಮೊದಲು ಕಂಡು ಹೇಳುತ್ತಿದ್ದವಳೇ ನಾನು. ಹೀಗಾಗಿ ಅವರು ಪುಸ್ತಕವನ್ನು ತೆರೆದು ಕೂಡ ನೋಡಲಿಲ್ಲ.

ಒಂದು ಶನಿವಾರ ನಾನು ಅಲ್ಲಿದ್ದಾಗಲೇ ಆ ಹಿರಿಯರು ಬಂದರು. ತಪ್ಪಿಸಿಕೊಂಡು ಹೋಗೋಣ ಎಂದು ಬಾಗಿಲ ಕಡೆ ಸರಿದೆ. ಅಷ್ಟರಲ್ಲಿ ಅಂಕಲ್ ಶುರು ಮಾಡಿಯೇಬಿಟ್ಟರು. ತಪ್ಪು ತಿಳಿಯಬೇಡಿ ಎಂದೇ ಆರಂಭಿಸಿ, ನೀವು ಓದಿ ಕೊಟ್ಟ ಪುಸ್ತಕಗಳಲ್ಲಿ ಚಿತ್ರ ಅಳಿಸಿದೆಯಂತೆ, ಮೇಡಂ ನೋಡಿದ್ದಾರೆ ಎಂದರು.

ಹಿರಿಯರು ಸಿಟ್ಟಾಗಲಿಲ್ಲ. "ಅಳಿಸೋದು ನಿಜ ಕಣ್ರೀ," ಎಂದರು. "ಮೊದಲನೇ ಪುಟದಲ್ಲೇ ಕೊಲೆಗಾರನ ಹೆಸರು ಬರೆದು ಹೋಗ್ತಾರಲ್ಲ ಕೆಲವು ಪುಣ್ಯಾತ್ಮರು, ಅದನ್ನ ಅಳಿಸ್ತೀನಿ. ಮುಂದೆ ಓದೋರಿಗೆ ಮಜಾ ಹೋಗ್ಬಾರ್ದು ಅಂತ. ಚಿತ್ರ ಯಾಕೆ ಅಳಿಸ್ಲಿ? ಎಲ್ಲಿ, ತೋರಿಸಿ."

ಪುಸ್ತಕ ಮೇಜಿನ ಮೇಲೇ ಇತ್ತು. ನಾನು ಪುಟ ತೆಗೆದು ಬೆರಳಿಟ್ಟೆ. "ಇಲ್ಲಿ ಸಾರ್. ಈ ಹುಡುಗಿಗೆ ಕಣ್ಣೂ ಇಲ್ಲ, ಮೂಗೂ ಇಲ್ಲ."

ಅಂಕಲ್ ಬಗ್ಗಿ ನೋಡಿ ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು. ಎಲ್ಲ ಇದೆಯಲ್ಲ ಮೇಡಂ, ಕಣ್ಣಲ್ಲಿ ನೀರು ಬೇರೆ ಇದೆ ಎಂದರು. ಹಿರಿಯರು ನಗಲಿಲ್ಲ. ಜೇಬಿನಿಂದ ಪೆನ್ಸಿಲು ತೆಗೆದು, ಪುಟದ ನಟ್ಟನಡುವೆ ಮೊನೆಯೂರಿ ನಿಲ್ಲಿಸಿದರು.

"ಈ ಮೊನೇನೇ ನೋಡ್ತಿರಮ್ಮ. ಕಾಣುತ್ತಾ?"

ಪೆನ್ಸಿಲು ಕಾಣುತ್ತಿತ್ತು, ಅದನ್ನು ಹಿಡಿದ ಕೈಯ ನರಗಳೂ ಕಾಣುತ್ತಿದ್ದವು. ಮೊನೆ ಇರಲಿಲ್ಲ. ಎಡಗಣ್ಣು ಮುಚ್ಚಿ ನೋಡಲು ಹೇಳಿದರು, ಆಮೇಲೆ ಬಲಗಣ್ಣು. ಎರಡು ಸಲವೂ ಮೊನೆ ಇರಲಿಲ್ಲ. ಪಕ್ಕದ ಗಿರಣಿಯಲ್ಲಿ ರಾಗಿ ಬೀಸುತ್ತಿದ್ದರು, ಆ ಸದ್ದಿಗೆ ಮೇಜು ನಡುಗುತ್ತಿತ್ತು.

"ಪುಸ್ತಕ ಸರಿಯಾಗಿದೆಯಮ್ಮ," ಎಂದರು. "ಕಣ್ಣು ತೋರಿಸ್ಬಿಡಿ. ತಡ ಮಾಡ್ಬೇಡಿ."

ಆಗ ನನಗೆ ಹೆದರಿಕೆ ಆಗಲಿಲ್ಲ, ನಾಚಿಕೆಯಾಯಿತು. ತಪ್ಪಾಯಿತು ಸಾರ್ ಎಂದು ಹೇಳಿದ್ದು ಅವರಿಗೆ ಕೇಳಿಸಿತೋ ಇಲ್ಲವೋ. ಅದಿರಲಿ ಬಿಡಿ ಎಂಬಂತೆ ಕೈಯಾಡಿಸಿ, ಪುಸ್ತಕ ಆರಿಸಲು ಒಳಗೆ ಹೋದರು.

ಆಸ್ಪತ್ರೆಯಲ್ಲಿ ಡಾಕ್ಟರು ಬರೀ ಚೌಕಗಳಿದ್ದ ಒಂದು ಕಾಗದ ಕೊಟ್ಟರು. ಗೆರೆ ಎಲ್ಲಿ ಡೊಂಕಾಗಿದೆ, ಎಲ್ಲಿ ಇಲ್ಲ ಎಂದು ಗುರುತು ಮಾಡಬೇಕು. ಚಿತ್ರ ಬರೆಯುವ ಮೊದಲು ಚೌಕ ಹಾಕಿಟ್ಟುಕೊಂಡ ಕಾಮಿಕ್ಸಿನ ಪುಟದ ಹಾಗಿತ್ತು ಅದು. ನಡುವಿನ ಒಂಬತ್ತು ಚೌಕಗಳು ನನಗೆ ಇರಲಿಲ್ಲ. ಕಣ್ಣಿನ ಹಿಂದಿನ ಪರದೆ ಮಧ್ಯದಲ್ಲಿ ಸವೆಯುತ್ತಿದೆ, ಹುಟ್ಟಿನಿಂದಲೇ ಬಂದದ್ದು, ಈಗ ಕಾಣಿಸಿಕೊಂಡಿದೆ ಎಂದರು. ಹನಿ ಇಲ್ಲ, ಆಪರೇಷನ್ ಇಲ್ಲ, ಕನ್ನಡಕ ಹಾಕಿ ಪ್ರಯೋಜನವಿಲ್ಲ. "ಪೂರ್ತಿ ಕತ್ತಲೆ ಆಗಲ್ಲ. ಅಕ್ಕಪಕ್ಕ ಕಾಣ್ತಿರುತ್ತೆ. ಓದೋದು, ಮುಖ ಗುರುತಿಸೋದು, ಅವೆರಡೂ ಬರ್ತಾ ಬರ್ತಾ ಹೋಗುತ್ತೆ," ಎಂದು ಅವರು ಮೆತ್ತಗೆ ಹೇಳಿದರು. ಬರುವಾಗ ಬಸ್ಸಿನಲ್ಲಿ ನಮ್ಮ ಮನೆಯವರು, ಮನೆ ಕೆಲಸಕ್ಕೇನೂ ತೊಂದರೆಯಿಲ್ಲವಲ್ಲ ಎಂದರು. ಅವರಿಗೆ ನನ್ನನ್ನು ಸಮಾಧಾನ ಮಾಡಬೇಕಿತ್ತು. ನಾನು ಇಲ್ಲ ಎಂದೆ. ಇನ್ನೆರಡು ಕಡೆ ತೋರಿಸಿದೆವು. ಅಲ್ಲೂ ಅದೇ ಚೌಕದ ಕಾಗದ, ಅದೇ ಮಾತು.

ಮಕ್ಕಳು ಯಾವ ಕ್ರಮದಲ್ಲಿ ಓದುವುದನ್ನು ಕಲಿಯುತ್ತಾರೋ ಅದರ ತಿರುವುಮುರುವಿನಲ್ಲಿ ನನ್ನ ಓದು ಹೋಯಿತು. ಮೊದಲು ಹೋದದ್ದು ಸಣ್ಣ ಅಕ್ಷರದ ಪತ್ತೇದಾರಿ ಕಾದಂಬರಿಗಳು. ಆ ಹಿರಿಯರು ತಾವು ಬಳಸುತ್ತಿದ್ದ ದಪ್ಪ ಮಸೂರವನ್ನು ನನಗೆಂದು ಲೈಬ್ರರಿಯಲ್ಲಿ ಕೊಟ್ಟು ಹೋಗಿದ್ದರು. ಅದರಿಂದ ಮಾಂಗಾ ಇನ್ನೊಂದೂವರೆ ವರ್ಷ ಉಳಿಯಿತು. ಕಣ್ಣನ್ನು ಓರೆ ಮಾಡಿ, ಚೌಕದ ಪಕ್ಕಕ್ಕೆ ದೃಷ್ಟಿಯಿಟ್ಟರೆ ಚೌಕದೊಳಗಿನದು ಸ್ವಲ್ಪ ಹೊತ್ತು ಸಿಗುತ್ತಿತ್ತು. ಮೂರನೇ ಚೌಕಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಮರೆತಿರುತ್ತಿತ್ತು. ಇಪ್ಪತ್ತೆರಡು ಸಂಪುಟಗಳ ಒಂದು ಕೊಲೆ ಕತೆಯನ್ನು ಹದಿನೇಳನೆಯದರವರೆಗೆ ಹೀಗೆ ತಿಂಗಳುಗಟ್ಟಲೆ ಎಳೆದು, ಅಲ್ಲಿಗೆ ನಿಲ್ಲಿಸಿದೆ.

ಕೊನೆಗೆ ಉಳಿದದ್ದು ಚಿತ್ರಪುಸ್ತಕ. ಪ್ರತಿ ಪುಟದಲ್ಲೂ ಎಲ್ಲೋ ಒಂದು ಕಡೆ ಸಣ್ಣ ಹಸಿರು ಕಪ್ಪೆ ಬಚ್ಚಿಟ್ಟುಕೊಂಡಿರುವ ಪುಸ್ತಕವೊಂದಿತ್ತು. ಮಗಳು ಅಷ್ಟು ಹೊತ್ತಿಗೆ ಅದನ್ನೆಲ್ಲ ದಾಟಿ ಹೋಗಿದ್ದಳು. ಆದರೂ ಸಂಜೆ ಬಂದು ಪಕ್ಕ ಕೂರುತ್ತಿದ್ದಳು. ನಾನು ಹುಡುಕುತ್ತಾ ಬೆರಳಾಡಿಸುವಾಗ ಅವಳ ಮೊಣಕೈ ನನ್ನ ಕೈಯನ್ನು ಮೆಲ್ಲಗೆ ಒಂದು ಕಡೆಗೆ ತಳ್ಳುತ್ತಿತ್ತು. ಆಮೇಲೆ, ನೀನೇ ಕಂಡುಹಿಡಿದೆಯಲ್ಲಮ್ಮ ಎನ್ನುತ್ತಿದ್ದಳು. ಹೌದು ಎನ್ನುತ್ತಿದ್ದೆ. ಒಂದು ದಿನ ಅವಳು ಸ್ನಾನಕ್ಕೆ ಹೋಗಿದ್ದಾಗ ಆ ಪುಸ್ತಕವನ್ನು ಅಟ್ಟಕ್ಕೆ ಹಾಕಿಬಿಟ್ಟೆ. ದಪ್ಪ ಸ್ಕೆಚ್ ಪೆನ್ನಿನಲ್ಲಿ ಅಂಗೈಯಗಲದ ಅಕ್ಷರ ಬರೆಯುವುದು ಇವತ್ತಿಗೂ ಆಗುತ್ತದೆ, ಹಾಗೆಯೇ ಇದನ್ನೂ ಬರೆದದ್ದು. ಬರೆದದ್ದನ್ನು ಓದಲು ಆಗುವುದಿಲ್ಲ.

ರಸ್ತೆಯ ಮೇಲೆ ಮೆಟ್ರೋ ಓಡಾಡತೊಡಗಿದ ಮೇಲೆ ಲೈಬ್ರರಿ ಮುಚ್ಚಿತು. ಮೆಟ್ರೋ ಕಾರಣವಲ್ಲ, ಓದುವವರೇ ಇರಲಿಲ್ಲ. ನೂರಾ ಹನ್ನೆರಡನೇ ನಂಬರಿನವರು ಅದಕ್ಕೂ ಒಂದು ವರ್ಷ ಮುಂಚೆಯೇ ಬರುವುದು ನಿಲ್ಲಿಸಿದ್ದರು. ಯಾಕೆಂದು ಅಂಕಲ್‌ಗೂ ಗೊತ್ತಿರಲಿಲ್ಲ. ಬೇಕಾದ್ದು ತೊಗೊಂಡು ಹೋಗಿ ಮೇಡಂ ಎಂದಾಗ, ಆ ಮಾಂಗಾದ ಉಳಿದ ಐದು ಸಂಪುಟಗಳನ್ನು ತಂದೆ. ತಂದು ಏನು ಮಾಡುವುದು ಎಂದು ಯೋಚಿಸಿರಲಿಲ್ಲ.

ಮಗಳು ಓದಿ ಹೇಳುತ್ತೇನೆ ಎಂದಳು. ಆಗ ಅವಳು ಪಿಯುಸಿ. ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ವರಾಂಡದಲ್ಲಿ ಕೂತು, ಮೊದಲನೇ ಬಾಕ್ಸು, ರೈಲ್ವೆ ಸ್ಟೇಷನ್ನು, ಜನ ಇಲ್ಲ, ಎರಡನೇ ಬಾಕ್ಸು ಎಂದು ಒಂದೊಂದಾಗಿ ಹೇಳುತ್ತಾ ಹೋಗುತ್ತಿದ್ದಳು. ಗಡಿಯಾರ ಇದೆಯಾ, ಎಷ್ಟು ಗಂಟೆ ಎಂದು ನಾನು ನಡುವೆ ಕೇಳುತ್ತಿದ್ದೆ. ಪಾಪ, ಹೇಳುತ್ತಿದ್ದಳು. ಹೀಗೆ ನಾಲ್ಕು ಸಂಪುಟ ಮುಗಿದವು. ಕೊನೆಯದರ ಕೊನೆಯಲ್ಲಿ ಅವಳ ದನಿ ನಿಂತಿತು.

"ಇಲ್ಲಿ ಮಾತೇ ಇಲ್ಲಮ್ಮ."

ಚಿತ್ರದಲ್ಲಿ ಏನಿದೆ ಎಂದು ಕೇಳಿದೆ.

"ಅವನು ನಿಂತಿದಾನೆ. ಅವಳು ನೋಡ್ತಿದಾಳೆ."

ಹೇಗೆ ನೋಡುತ್ತಿದ್ದಾಳೆ, ಅಳುತ್ತಿದ್ದಾಳಾ, ಸಿಟ್ಟಾಗಿದ್ದಾಳಾ ಎಂದೆ.

"ಎರಡೂ ಅಲ್ಲ. ಹೇಗೆ ಹೇಳ್ಲಿ ನಿಂಗೆ? ಸುಮ್ನೆ ನೋಡ್ತಿದಾಳೆ."

ಪುಟ ತಿರುಗಿಸಿದಳು. ಇಲ್ಲೂ ಅಷ್ಟೇ ಎಂದಳು. ಇನ್ನೊಂದು ಪುಟ, ಮತ್ತೊಂದು. ಏಳು ಪುಟ ತಿರುಗಿದ ಸದ್ದು ಕೇಳಿಸಿತು. ನಡುವೆ ಒಮ್ಮೆ ಅವಳ ಉಸಿರು ಹಿಡಿದುಕೊಂಡದ್ದು ಕೇಳಿಸಿತು. ಆಮೇಲೆ, ಮುಗೀತು ಎಂದಳು.

ಹಾಗಾದರೆ ಕೊಲೆ ಮಾಡಿದ್ದು ಯಾರು ಎಂದೆ.

"ಅದನ್ನ ಬರೆದಿಲ್ಲಮ್ಮ. ಅವಳ ಮುಖ ನೋಡಿದ್ರೆ ಗೊತ್ತಾಗುತ್ತೆ," ಎಂದಳು. ಅಂದವಳೇ ಪುಸ್ತಕ ಮುಚ್ಚಿದಳು. ಆಮೇಲೆ ಹೆಸರು ಹೇಳಿದಳು. ಓಹೋ ಎಂದೆ. ಮುಂದಿನ ವಾರ ಬೇರೆ ಪುಸ್ತಕ ಶುರು ಮಾಡೋಣವೇ ಎಂದು ಕೇಳಿದಳು. ಬೇಡ ಕಣೇ, ನಿಂಗೆ ಪರೀಕ್ಷೆ ಇದೆ ಎಂದೆ. ಪರೀಕ್ಷೆ ಮುಗಿದ ಮೇಲೆ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.