ಎರಡು ದಿನದ ನಾದಿನಿ

ಬೆಳಿಗ್ಗೆ ಎಂಟಾದರೆ ನಮ್ಮ ಓಣಿಯಲ್ಲಿ ಸಣ್ಣ ಸುತ್ತಿಗೆಯ ಟಪ್ ಟಪ್ ಶುರುವಾಗುತ್ತದೆ. ಹೊಲಿದ ಪುಸ್ತಕದ ಬೆನ್ನನ್ನು ರಟ್ಟಕ್ಕ ತಟ್ಟಿ ತಟ್ಟಿ ಸಮ ಮಾಡುವ ಸದ್ದು ಅದು. ಹತ್ತು ವರ್ಷ ಒಬ್ಬಳೇ ಪುಸ್ತಕಗಳಿಗೆ ರಟ್ಟು ಕಟ್ಟಿದವಳು. ಅವಳ ನಿಜವಾದ ಹೆಸರು ಓಣಿಗೆ ಮರೆತೇಹೋಗಿದೆ. ಕೆಲಸ ಕೈಮೀರಿದಾಗ, ನಾಲ್ಕು ತಿಂಗಳ ಹಿಂದೆ, ಹಾಳೆ ಹೊಲಿಯಲು ಹಿಂದಿನ ಬೀದಿಯ ಹೆಂಗಸನ್ನು ಇಟ್ಟುಕೊಂಡಳು. ಓಣಿಗೆ ಅವಳು ಹೊಲಿಗೆಯಮ್ಮ, ರಟ್ಟಕ್ಕನಿಗೆ ‘ಅಕ್ಕ’. ಅಕ್ಕನಿಗೆ ಯಾರಾದರೂ ನೇಮಕದ ಪತ್ರ ಕೊಡುತ್ತಾರೆಯೇ?

ಮೊನ್ನೆ ಕಾರ್ಮಿಕ ಇಲಾಖೆಯ ಅಧಿಕಾರಿ ರಟ್ಟಕ್ಕನ ಅಂಗಡಿಯೊಳಗೆ ಬಂದು, “ಕೆಲಸಕ್ಕೆ ಎಷ್ಟು ಜನ?” ಎಂದರು.

ರಟ್ಟಕ್ಕ ಹೊಲಿಗೆಯಮ್ಮನತ್ತ ಕೈ ತೋರಿಸಿದಳು. “ಯಾರೂ ಇಲ್ಲ ಸಾರ್. ಇವರು ನನ್ನ ನಾದಿನಿ.”

“ಹೌದಾ? ನಿಮ್ಮಣ್ಣನಿಗೆ, ಅಂದ್ರೆ ಇವರ ಗಂಡನಿಗೆ, ವಯಸ್ಸೆಷ್ಟಮ್ಮ?”

ಹೊಲಿಗೆಯಮ್ಮ “ಐವತ್ತು” ಎಂದಳು. ಅದೇ ಉಸಿರಿಗೆ ರಟ್ಟಕ್ಕ “ನಲವತ್ತೆರಡು” ಎಂದಳು.

ಅಧಿಕಾರಿ ನಗಲಿಲ್ಲ. ಒಂದು ನಮೂನೆ ಕೊಟ್ಟರು. “ಮನೆಯವರೇ ಆದ್ರೆ ಇದಕ್ಕೆ ಇಬ್ಬರೂ ಸಹಿ ಹಾಕಿ ನಾಡಿದ್ದು ಆಫೀಸಿಗೆ ತನ್ನಿ. ಕೆಲಸದವರಾದ್ರೆ ನೋಂದಣಿ, ನೇಮಕದ ಪತ್ರ, ಗಾಯಕ್ಕೆ ವಿಮೆ. ಒಬ್ಬರಿದ್ರೂ ಬೇಕು. ಸುಳ್ಳು ಬರೆದ್ರೆ ಬೀಗ ಬೀಳತ್ತೆ.”

ಅವರು ಹೋದ ಮೇಲೆ ರಟ್ಟಕ್ಕ ನಮೂನೆಯನ್ನು ಮೇಜಿನ ಮೇಲಿಟ್ಟಳು.

“ಹೆದರಬೇಡ ಕಣೇ,” ಎಂದಳು ಹೊಲಿಗೆಯಮ್ಮ, ತನ್ನ ಸಹಿ ಗೀಚಿ. “ನಿನ್ನ ಗಂಡನ ವಿಷಯ ಎಲ್ಲಾ ಹೇಳಿಕೊಡು, ಬಾಯಿಪಾಠ ಮಾಡ್ತೀನಿ.”

“ಆ ಮನುಷ್ಯನ ವಿಷಯ ನಂಗೇ ಪೂರ್ತಿ ಗೊತ್ತಿಲ್ಲ ಅಕ್ಕ.”

ಇಬ್ಬರೂ ನಕ್ಕರು. ಆದರೆ ರಟ್ಟಕ್ಕ ಆ ದಿನ ತನ್ನ ಸಹಿ ಹಾಕಲಿಲ್ಲ.

ಇವತ್ತು ಬೆಳಿಗ್ಗೆ ಹೊಲಿಗೆಯಮ್ಮ ಕಾಗದದ ಕಟ್ಟನ್ನು ಕತ್ತರಿಸುವ ಯಂತ್ರದೊಳಗೆ ತಳ್ಳುತ್ತಿದ್ದಳು. ರಟ್ಟಕ್ಕ ಯಂತ್ರದ ಹಿಡಿಯನ್ನು ಅರ್ಧ ಇಳಿಸಿಯಾಗಿತ್ತು. ಆಗ ಕಂಡಿತು: ಅಲಗಿಗೂ ಆ ಬೆರಳುಗಳಿಗೂ ನಡುವೆ ಒಂದು ಎಳೆಯಷ್ಟು ಜಾಗ.

ಹಿಡಿ ಅಲ್ಲೇ ನಿಂತಿತು. ಹೊಲಿಗೆಯಮ್ಮ ಏನೂ ಅರಿಯದೆ ಕೈ ಹಿಂದಕ್ಕೆಳೆದುಕೊಂಡಳು. ಪಕ್ಕದ ಮೇಜಿನ ಮೇಲೆ ಅವಳ ಸಹಿಯ ಕಾಗದ: ‘ನಾನು ಇಲ್ಲಿ ಕೆಲಸಕ್ಕಿಲ್ಲ.’ ಬೆರಳು ಹೋಗಿದ್ದರೆ, ಪರಿಹಾರ ಕೇಳಿದಾಗ ಎಲ್ಲರೂ ಅವಳ ಮುಖಕ್ಕೆ ಹಿಡಿಯುತ್ತಿದ್ದುದು ಅದೇ ಕಾಗದವನ್ನು.

ರಟ್ಟಕ್ಕ ಅದನ್ನು ನಾಲ್ಕು ಚೂರು ಮಾಡಿದಳು.

“ಏನೇ ಇದು! ಬೀಗ ಹಾಕಿಬಿಟ್ರೆ?”

“ಹಾಕಬಹುದು ಅಕ್ಕ. ಧೈರ್ಯ ಹೋಗೋದ್ರೊಳಗೆ ಹೋಗಿಬರ್ತೀನಿ.” ಚಪ್ಪಲಿ ಎಡಕ್ಕೆ ಬಲದ್ದು ಮೆಟ್ಟಿದ್ದಳು. “ಆ ಯಂತ್ರ ಮುಟ್ಬೇಡಿ,” ಎಂದವಳೇ, “ಮೊನ್ನೆ ಹೇಳಿದ್ದು ಸುಳ್ಳು ಸಾರ್, ಅವರು ನಾದಿನಿ ಅಲ್ಲ, ನಾಲ್ಕು ತಿಂಗಳಿಂದ ನನ್ನ ಹತ್ರ ಕೆಲಸಕ್ಕೆ...” ಎಂದು ತನ್ನಷ್ಟಕ್ಕೇ ಒಪ್ಪಿಸುತ್ತ ಮೆಟ್ಟಿಲಿಳಿದು ಆಫೀಸಿನ ದಾರಿ ಹಿಡಿದಳು.