ಕಣ್ಣು ಹೊಡೆದವನು

ನನ್ನ ಬಲಗಣ್ಣು ತಾನಾಗಿ ಮಿಟುಕುತ್ತದೆ. ಕತ್ತು ಒಂದು ಬದಿಗೆ ಎಗರುತ್ತದೆ. ಒಮ್ಮೊಮ್ಮೆ ಗಂಟಲಿನಿಂದ ಕೇಕೆಯಂಥ ಸದ್ದು ಹೊರಡುತ್ತದೆ. ಚಿಕ್ಕಂದಿನಿಂದಲೂ ಹೀಗೆ. ಅಪ್ಪ ಇದನ್ನು ಕೊಬ್ಬು ಅಂದುಕೊಂಡು ಕಾಫಿ ಗಿಡದ ಬರಲು ಕೋಲಿನಿಂದ ಬಾರಿಸಿದರು. ಅಜ್ಜಿ ಗಾಳಿ ಸೋಕಿದೆ ಅಂದಳು. ಅವಳು ಕರೆಸಿದ ಮಂತ್ರವಾದಿ ನನ್ನ ಕೂದಲು ಹಿಡಿದು ಮುಖವನ್ನು ಮೆಣಸಿನಕಾಯಿ ಹೊಗೆಗೆ ಒತ್ತಿದ. ಉಸಿರು ಕಟ್ಟಿ ಬಿದ್ದೆ. ಎಚ್ಚರವಾದಾಗಲೂ ಕಣ್ಣು ಮಿಟುಕುತ್ತಲೇ ಇತ್ತು.

ದೊಡ್ಡವನಾದ ಮೇಲೆ ಮಂಗಳೂರಿನಲ್ಲಿ ನರರೋಗದ ಡಾಕ್ಟರು ಇದಕ್ಕೊಂದು ಹೆಸರು ಹೇಳಿದರು, ಟುರೆಟ್ ಸಿಂಡ್ರೋಮ್ ಅಂತ. "ಸೀನು ತಡೆದ ಹಾಗೆ ಸ್ವಲ್ಪ ಹೊತ್ತು ತಡೀಬಹುದು. ಆಮೇಲೆ ಬಂದೇ ಬರುತ್ತೆ. ಹೆದರಿದ್ರೆ ಇನ್ನೂ ಜಾಸ್ತಿ" ಅಂದರು.

ಆ ಮಾತು ಎಷ್ಟು ನಿಜವೆಂದು ತಿಳಿದದ್ದು ಕಳೆದ ವರ್ಷ, ಮೂಡಿಗೆರೆಯಿಂದ ಊರಿಗೆ ಬರುವ ಬಸ್ಸಿನಲ್ಲಿ. ಡ್ರೈವರ್ ಬೆನ್ನ ಹಿಂದೆ, ನಮ್ಮತ್ತ ಮುಖ ಮಾಡಿದ ಸೀಟಿನಲ್ಲಿ ಗಂಡ ಹೆಂಡತಿ ಕೂತಿದ್ದರು. ನಾನು ಕಿಟಕಿಯತ್ತ ತಿರುಗಿಕೊಂಡೇ ಇದ್ದೆ. ಆದರೂ ಆ ಗಂಡ ಎದ್ದು ಬಂದ.

"ಯಾರಿಗೆ ಕಣ್ಣು ಹೊಡೀತಿದೀಯ?"

ಕಾಯಿಲೆ ಎನ್ನಲು ಬಾಯಿ ತೆರೆದೆ. ಮಾತಿಗಿಂತ ಮೊದಲು ಗಂಟಲಿನ ಸದ್ದು ಹೊರಬಿತ್ತು. ಅಣಕಿಸಿದೆನೆಂದು ಅವನು ಕೆನ್ನೆಗೆ ಹೊಡೆದ. ಹಿಂದಿನ ಸೀಟಿನವರೂ ಸೇರಿಕೊಂಡರು. ಗೋಣಿಬೀಡಿನ ಸ್ಟಾಪಿನಲ್ಲಿ ನನ್ನನ್ನು ಕಾಲರ್ ಹಿಡಿದು ಇಳಿಸಿ ನೆಲಕ್ಕೆ ಕೆಡವಿದರು. ಯಾರೋ ಕೊಡೆಯ ಹಿಡಿಯಿಂದ ಬಾಯಿಗೆ ಹೊಡೆದರು. ಮುಂದಿನ ಹಲ್ಲು ಮುರಿದು ನಾಲಗೆಗೆ ಸಿಕ್ಕಿತು. ಪೆಟ್ಟು ಬಿದ್ದಷ್ಟೂ ಕಣ್ಣು ಮಿಟುಕಿತು, ಮಿಟುಕಿದಷ್ಟೂ ಪೆಟ್ಟು ಬಿತ್ತು. "ಇನ್ನೂ ಕಣ್ಣು ಹೊಡೀತಿದಾನೆ ನೋಡಿ, ಎಂಥ ಸೊಕ್ಕು" ಎಂದು ಒಬ್ಬ ಪಕ್ಕೆಗೆ ಒದ್ದ. ಸಾಯುತ್ತೇನೆ ಅನ್ನಿಸಿತು. ರೆಪ್ಪೆಯನ್ನು ಬೆರಳಿನಿಂದ ಅದುಮಿ ಹಿಡಿದೆ. ಕತ್ತು ಎಗರಿ ತಲೆ ಜಲ್ಲಿಗೆ ಬಡಿಯಿತು.

ಗುಂಪನ್ನು ತಳ್ಳಿಕೊಂಡು ಬಂದವಳು ಆ ಹೆಂಡತಿಯೇ.

"ಬಿಡಿ ಅವ್ರನ್ನ. ನಿಮ್ಮನ್ನ ನೋಡಿದ್ರೂ ಮಿಟುಕ್ತಿದೆ, ಆ ಗೋಡೆ ನೋಡಿದ್ರೂ ಮಿಟುಕ್ತಿದೆ. ಯಾರಾದ್ರೂ ಒದೆ ತಿಂತಾ ಕಣ್ಣು ಹೊಡೀತಾರಾ?"

ಕೈಗಳು ನಿಂತವು. ಹೊಡೆದವರು ಒಬ್ಬೊಬ್ಬರಾಗಿ ಬಸ್ಸು ಹತ್ತಿದರು. ಅವಳು ಹತ್ತಲಿಲ್ಲ, ಅವಳನ್ನು ಬಿಟ್ಟು ಗಂಡನೂ ಹತ್ತಲಿಲ್ಲ. ಆಟೋ ಕರೆಸಿ ನನ್ನನ್ನು ಮೂಡಿಗೆರೆಯ ಆಸ್ಪತ್ರೆಗೆ ಕರೆದೊಯ್ದಳು. ತುಟಿಗೆ ಹೊಲಿಗೆ ಹಾಕುವಾಗ ಅವಳ ಗಂಡ ಬಾಗಿಲ ಹೊರಗೆ ನಿಂತಿದ್ದ.

ನಾನು ಪೊಲೀಸರಿಗೆ ದೂರು ಕೊಟ್ಟೆ. "ಬ್ಯಾಡ ಮಾರಾಯ, ನಾಳೆ ಅದೇ ಬಸ್ಸಲ್ಲಿ ಓಡಾಡ್ಬೇಕು" ಎಂದು ಅಣ್ಣ ತಡೆದ. ಅದೇ ಬಸ್ಸಿನಲ್ಲಿ ಓಡಾಡಬೇಕೆಂದೇ ಕೊಟ್ಟೆ.

ಕೆಲವು ದಿನಗಳ ನಂತರ ಆ ಗಂಡ ನಮ್ಮ ಮನೆಗೆ ಬಂದ. ಜಗಲಿಯಲ್ಲಿ ಕೂತು, "ನಂಗೆ ಗೊತ್ತಿರ್ಲಿಲ್ಲ. ಕಂಪ್ಲೇಂಟ್ ವಾಪಸ್ ತಗೊಳ್ಳಿ" ಅಂದ.

"ಗೊತ್ತಿಲ್ದಿದ್ರೆ ಕೇಳ್ಬಹುದಿತ್ತು. ತಗೊಳ್ಳಲ್ಲ."

ಅವನು ಒಪ್ಪಿಕೊಂಡವನಂತೆ ತಲೆಯಾಡಿಸಿದ. ಆದರೂ ಏಳಲಿಲ್ಲ. ಅಮ್ಮ ಇಬ್ಬರಿಗೂ ಕಾಫಿ ತಂದಿಟ್ಟಳು. ನನ್ನ ಕತ್ತು ಎಗರಿದ್ದನ್ನು ಈ ಸಲ ಅವನು ನೇರವಾಗಿ ನೋಡಿದ.

"ನೋವಾಗುತ್ತಾ ಅದು?" ಎಂದು ಕೇಳಿದ.

ಅಷ್ಟು ವರ್ಷಗಳಲ್ಲಿ ಡಾಕ್ಟರನ್ನು ಬಿಟ್ಟು ಯಾರೂ ಅದನ್ನು ಕೇಳಿರಲಿಲ್ಲ. ಸಂಜೆ ಹೊತ್ತಿಗೆ ಕತ್ತು ಸೆಟೆದುಕೊಳ್ಳುತ್ತದೆ, ಮಲಗಿದಾಗ ಮಾತ್ರ ಸುಮ್ಮನಿರುತ್ತದೆ ಎಂದು ಹೇಳಿದೆ.